ಮದ್ದು ಬಿಡುವವನಿಗೆ ಅಷ್ಟು ಕೂಲಿ ಯಾಕೆ?

ಅಡಿಕೆಗೆ ಮದ್ದು ಬಿಡುವವನಿಗೆ ತೋಟದ ಬೇರೆ ಆಳುಗಳ ಎರಡು ಪಟ್ಟಿಗೂ ಮೀರಿ ಕೊಡುತ್ತೀರಂತೆ, ಅದೂ ಕೆಲವೊಮ್ಮೆ ಅರ್ಧ ದಿನದ ಕೆಲಸಕ್ಕೆ, ಇದೆಲ್ಲಿಯ ಲೆಕ್ಕ ಎಂದು ಕೇಳಿದ್ದೀರಿ. ಹೌದು, ಕೊಡುತ್ತೇವೆ. ನಮ್ಮದು ಪೆರ್ಲದ ಹತ್ತಿರ, ಕಾಸರಗೋಡಿನ ಒಳಮೂಲೆ. ಜುಲೈ ತಿಂಗಳಲ್ಲಿ ಇಲ್ಲಿ ಚರ್ಚೆಗೆ ಕೂತರೆ ಅವನು ಪಕ್ಕದ ತೋಟಕ್ಕೆ ಹೋಗಿರುತ್ತಾನೆ, ನಮ್ಮ ಅಡಿಕೆ ಕೊಳೆರೋಗ ಬಂದು ಬುಡದಲ್ಲಿ ಬಿದ್ದಿರುತ್ತದೆ.

ಕಾಸರಗೋಡಿನ ಮದ್ದು ಎಂದೊಡನೆ ಹೊರಗಿನವರಿಗೆ ಎಂಡೋಸಲ್ಫಾನ್ ನೆನಪಾಗುತ್ತದೆ. ಅದು ಸರಕಾರಿ ಗೇರು ತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದದ್ದು, ಅದರ ಕಥೆ ಬೇರೆಯೇ. ನಾವು ಅಡಿಕೆಗೆ ಬಿಡುವುದು ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಒಟ್ಟು ಸೇರಿಸಬೇಕು. ಕತ್ತಿಯ ಅಲಗು ಅದ್ದಿ ನೋಡಿದಾಗ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಕಳೆದು ಇನ್ನೊಂದು ಸಲ ಬಿಡಬೇಕು.

ಆ ಎರಡನೆಯ ಸಲದ್ದೇ ಕಷ್ಟ. ಅಷ್ಟರಲ್ಲಿ ಮರಕ್ಕೆಲ್ಲ ಹಾವಸೆ ಹಿಡಿದಿರುತ್ತದೆ. ಮಳೆ ಸ್ವಲ್ಪ ಹೊಳವಾದರೆ ಸಾಕು, ಕಾಲಿಗೆ ತಳೆ (ಮರ ಹತ್ತುವ ಬಳೆ) ಹಾಕಿ, ಪೈಪು ಸಿಕ್ಕಿಸಿಕೊಂಡು, 50-60 ಅಡಿ ಹತ್ತಿಬಿಡುತ್ತಾನೆ. ಆ ಮರ ಮುಗಿಯಿತೆಂದು ಇಳಿಯುವುದಿಲ್ಲ. ಕೂತ ಮರವನ್ನೇ ತೂಗಿಸಿ, ಪಕ್ಕದ ಮರದ ಸೋಗೆ ಹಿಡಿದೆಳೆದು, ಅತ್ತ ದಾಟುತ್ತಾನೆ. ಕೆಳಗೆ ಪೈಪು ಹಿಡಿದವನ ಕಿವಿ ಅವನ ಕಡೆಗೇ ಇರಬೇಕು. ಪಂಪಿನ ಗಲಾಟೆಯಲ್ಲಿ 'ಪೈಪ್ ಬುಡ್ಲೆ' (ಪೈಪು ಬಿಡಿ) ಎಂದು ತುಳುವಿನಲ್ಲಿ ಕೂಗಿದ್ದು ಕೇಳಿಸದೆ ಹೋದರೆ ಆ ಒಂದು ಜಗ್ಗಿಗೇ ಮೇಲಿನವನ ಆಯ ತಪ್ಪುತ್ತದೆ. ಇದನ್ನೊಮ್ಮೆ ಕೆಳಗೆ ನಿಂತು ನೋಡಿದವರು ಕೂಲಿಯ ಮಾತು ಎತ್ತುವುದಿಲ್ಲ.

ಈ ಹೆಚ್ಚಿನ ದುಡ್ಡು ಯಾವ ಕಾನೂನಿನಿಂದಲೂ ಬಂದದ್ದಲ್ಲ. ಅಪಾಯದ ಕೆಲಸ, ತಡೆಯಲಾಗದ ಸೆಕೆ, ನೆಲದಡಿಯ ಕೆಲಸ ಇವನ್ನೆಲ್ಲ ಕನಿಷ್ಠ ಕೂಲಿ ಗೊತ್ತುಮಾಡುವಾಗ ಗಮನಿಸಬಹುದು ಎಂದು 2019ರ ವೇತನ ಸಂಹಿತೆಯಲ್ಲಿದೆ. ಅಡಿಕೆ ತೋಟದಲ್ಲಿ ಅದನ್ನು ಓದಿದವರನ್ನು ನಾನು ಕಂಡಿಲ್ಲ. ಇಲ್ಲಿ ದರ ನಿಲ್ಲುವುದು ಊರಲ್ಲಿ ಮರ ಹತ್ತುವವರು ಎಷ್ಟು ಮಂದಿ ಉಳಿದಿದ್ದಾರೆ ಎಂಬುದರ ಮೇಲೆ. ದಿನದ ಬದಲು, ಬಿಟ್ಟ ಮದ್ದಿನ ಬ್ಯಾರಲ್ ಲೆಕ್ಕದಲ್ಲಿ ಕೂಲಿ ಮಾತಾಡುವವರೂ ಇದ್ದಾರೆ. ಅಡ್ಕಸ್ಥಳ ದಾಟಿದರೆ ಕರ್ನಾಟಕ. ಅಡ್ಯನಡ್ಕ, ವಿಟ್ಲದ ಕಡೆಯವರು ಇಲ್ಲಿಗೆ ಬರುತ್ತಾರೆ, ನಮ್ಮವರು ಅಲ್ಲಿಗೆ ಹೋಗುತ್ತಾರೆ, ದರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಗಡಿ ಗೊತ್ತಾಗುವುದು ಬಿದ್ದಾಗ. ದೊಡ್ಡ ಆಸ್ಪತ್ರೆ ಮಂಗಳೂರಿನಲ್ಲಿ, ರೇಶನ್ ಕಾರ್ಡು ಕೇರಳದ್ದು, ಅರ್ಜಿ ಮಲಯಾಳದಲ್ಲಿ. ಸಹಾಯ ಬೇಕಾದರೆ ಮನೆಯವರು ಯಾವ ಸರಕಾರದ ಬಾಗಿಲು ತಟ್ಟಬೇಕೆಂದು ಕಂಡುಕೊಳ್ಳುವಷ್ಟರಲ್ಲಿ ಸೊಸೈಟಿಯ ಸಾಲ ಬೆಳೆದಿರುತ್ತದೆ.

ಇತ್ತೀಚೆಗೆ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದಿದೆ. ನೆಲದಲ್ಲೇ ನಿಂತು ಮದ್ದು ಬಿಡಬಹುದು. ಅಲ್ಲಿಂದ ಹೊಸ ತಕರಾರು ಶುರು: ಮರ ಹತ್ತದವನಿಗೆ ಹೆಚ್ಚು ಕೊಡುವುದೇಕೆ? ನನಗೆ ಈ ಪ್ರಶ್ನೆಯೇ ಸರಿ ಕಾಣುವುದಿಲ್ಲ. ದೋಟಿ ಹಿಡಿದವನು ದಿನವಿಡೀ ಕತ್ತೆತ್ತಿ ನಿಂತಿರುತ್ತಾನೆ, ಅಡಿಕೆ ಗೊನೆಗೆ ತಾಗಿದ ಮದ್ದೆಲ್ಲ ಅವನ ಮುಖಕ್ಕೇ ಇಳಿಯುತ್ತದೆ. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ, ತೋಟದ ಮೇಲೆ ಲೈನು ಹೋಗಿದ್ದರೆ ಇನ್ನೊಂದು ಭಯ. ಬೋರ್ಡೋ ದ್ರಾಕ್ಷಿಗೆಂದು ಫ್ರಾನ್ಸಿನಲ್ಲಿ ಹುಟ್ಟಿದ ಮದ್ದು. ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಇದನ್ನು ಹೊಡೆದವರ ಶ್ವಾಸಕೋಶದಲ್ಲಿ ತಾಮ್ರ ಕೂತಿರುವುದನ್ನು ಅಲ್ಲಿನ ವೈದ್ಯರು 1969ರಲ್ಲೇ ಬರೆದಿದ್ದಾರೆ. ನಮ್ಮಲ್ಲಿ ತಲೆಗೊಂದು ಮುಟ್ಟಾಳೆ (ಹಾಳೆಯ ಟೊಪ್ಪಿ), ಮೂಗಿಗೆ ಬೈರಾಸು (ಟವಲು) ಕಟ್ಟಿಕೊಂಡರೆ ಅದೇ ದೊಡ್ಡದು. ಇಷ್ಟು ಕಾಲ ನಾವು ದುಡ್ಡು ಎಣಿಸಿದ್ದು ಎತ್ತರ ನೋಡಿ. ಮೈಮೇಲೆ ಬಿದ್ದದ್ದಕ್ಕೆ ಲೆಕ್ಕವೇ ಇಡಲಿಲ್ಲ.

ನಿಮ್ಮ ಮಾವನ ತೋಟಕ್ಕೆ ಈ ಸಲ ನೀವೇ ಜನ ಹೇಳುವುದಾದರೆ ಮೇ ಮುಗಿಯುವ ಮೊದಲೇ ಹೇಳಿಡಿ. ಕೂಲಿ ಅವರು ಕೇಳಿದಷ್ಟು ಕೊಡಿ. ಜೊತೆಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದ್ದಾರೋ ಎಂದು ಕೇಳಿ. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ ಅಥವಾ ಎರಡೂ ಕಾಲು ಪೂರ್ತಿ ಹೋದರೆ 2 ಲಕ್ಷ, ಒಂದು ಕಾಲು ಹೋದರೆ 1 ಲಕ್ಷ. ಮೂಳೆ ಮುರಿದು ಆರು ತಿಂಗಳು ಮಲಗಿದರೆ ಅದರಲ್ಲಿ ಏನೂ ಸಿಗುವುದಿಲ್ಲ, ಆ ಖರ್ಚಿಗೆ ಬೇರೆ ಪಾಲಿಸಿಯೇ ಬೇಕು. ಬಿಮಾದ ವರ್ಷ ಜೂನ್ 1ಕ್ಕೆ ಶುರುವಾಗುತ್ತದೆ, ಮೊದಲ ಮದ್ದಿನ ಹೊತ್ತಿಗೇ. ಕಂತು ಖಾತೆಯಿಂದ ತಾನಾಗಿ ಕಡಿತವಾಗುವುದರಿಂದ ಮೇ ಕೊನೆಗೆ ಖಾತೆಯಲ್ಲಿ ಅಷ್ಟು ಹಣ ಇದೆಯೋ ಎಂದು ಅವರಿಗೊಂದು ಫೋನು ಮಾಡಿ ನೆನಪಿಸಿ.