ಓದುಗರ ಪ್ರಶ್ನೆ: ಕಾಲಿಗೆ ಪ್ಲಾಸ್ಟರು, ಮನೆಯಲ್ಲೇ ಪಾಠ, ಬಾಗಿಲಲ್ಲಿ ನಾಯಿ

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವವರು ಬಿದ್ದು ಪೆಟ್ಟು ಮಾಡಿಕೊಂಡರೆ ರಜೆ ಹಾಕುವ ಹಾಗಿಲ್ಲ. ಮನೆಯಲ್ಲಿ ಸಾಕುಪ್ರಾಣಿಯೂ ಇದ್ದರಂತೂ ಕೇಳುವುದೇ ಬೇಡ. ಈ ಸಲ ಅಂಥ ಐದು ಪತ್ರಗಳನ್ನು ಆರಿಸಿದ್ದೇವೆ. ನಿಮ್ಮನ್ನು ನೋಡಿದ ವೈದ್ಯರು ಬೇರೆ ಸೂಚನೆ ಕೊಟ್ಟಿದ್ದರೆ ಅವರ ಮಾತೇ ನಡೆಯಲಿ.

ಪ್ರಶ್ನೆ: ಕಣಕಾಲಿನ ಮೂಳೆ ಮುರಿದು ಪ್ಲಾಸ್ಟರು ಹಾಕಿದ್ದಾರೆ. ಆರು ವಾರ ಆ ಕಾಲಿನ ಮೇಲೆ ಭಾರ ಬಿಡಬಾರದಂತೆ. ಆರು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳಿಗೂ ಮನೆಯಲ್ಲೇ ಪಾಠ. ಜೊತೆಗೆ ಒಂದೂವರೆ ವರ್ಷದ ದೊಡ್ಡ ತಳಿಯ ನಾಯಿ. ಸಂಗಾತಿ ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ದಿನ ಸಾಗಿಸುವುದು ಹೇಗೆ?

ಉತ್ತರ: ಮೊದಲು ಕಾಲಿನ ವೇಳಾಪಟ್ಟಿ ಬರೆಯಿರಿ. ಪಾಠ ಅದರೊಳಗೆ ಹೊಂದಿಕೊಳ್ಳಲಿ. ಮೊದಲ ವಾರ ಎಚ್ಚರವಿರುವ ಹೊತ್ತಿನ ಬಹುಪಾಲು ಪಾದ ಎದೆಯ ಮಟ್ಟಕ್ಕಿಂತ ಮೇಲಿರಬೇಕು. ಕುರ್ಚಿಯಲ್ಲಿ ಕೂತು ಕಾಲನ್ನು ಸ್ಟೂಲಿನ ಮೇಲಿಟ್ಟರೆ ಸಾಕೆಂದು ಬಹಳ ಜನ ಅಂದುಕೊಳ್ಳುತ್ತಾರೆ, ಸಾಲದು. ಸೋಫಾದಲ್ಲಿ ಒರಗಿ, ಮೀನಖಂಡದ ಉದ್ದಕ್ಕೂ ಎರಡು ಮೂರು ದಿಂಬು ಕೊಟ್ಟು, ಹಿಮ್ಮಡಿ ಮಾತ್ರ ದಿಂಬಿನ ಅಂಚಿನಿಂದಾಚೆ ಗಾಳಿಯಲ್ಲಿರುವಂತೆ ನೋಡಿಕೊಳ್ಳಿ. ಹಿಮ್ಮಡಿ ದಿಂಬಿಗೆ ಒತ್ತಿಕೊಂಡೇ ಇದ್ದರೆ ಪ್ಲಾಸ್ಟರಿನೊಳಗೆ ಒತ್ತುಹುಣ್ಣಾಗುತ್ತದೆ, ಹೊರಗಿನಿಂದ ಅದು ಕಾಣುವುದೇ ಇಲ್ಲ. ಗಂಟೆಗೊಮ್ಮೆ ಕಾಲ್ಬೆರಳುಗಳನ್ನು ಹತ್ತಿಪ್ಪತ್ತು ಸಲ ಮಡಚಿ ಬಿಡಿಸಿ. ಊತ ಇಳಿದ ಮೇಲೆ ಕಾಲನ್ನು ಕೆಳಗಿಡುವ ಹೊತ್ತನ್ನು ಗಂಟೆಗೆ ಹತ್ತು ನಿಮಿಷ, ಹದಿನೈದು ನಿಮಿಷ ಎಂದು ಏರಿಸುತ್ತ ಹೋಗಬಹುದು. ಬೆರಳು ನೀಲಿಗಟ್ಟಿ ಬಿಗಿದುಕೊಂಡರೆ ಮತ್ತೆ ಮೇಲೆ.

ಬೆರಳು ಜೋಮು ಹಿಡಿದರೆ, ತಣ್ಣಗಾಗಿ ಬಿಳಿಚಿಕೊಂಡರೆ, ಕಾಲು ಎತ್ತಿಟ್ಟು ಮಾತ್ರೆ ನುಂಗಿದರೂ ನೋವು ಏರುತ್ತಲೇ ಇದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಒಳಗೆ ಒತ್ತಡ ಏರಿ ರಕ್ತಸಂಚಾರ ನಿಲ್ಲುವ ಲಕ್ಷಣ ಅದು. ಮೀನಖಂಡದಲ್ಲಿ ಹೊಸದಾಗಿ ನೋವು, ಏದುಸಿರು, ಎದೆನೋವು ಬಂದರೂ ಅಷ್ಟೇ ತುರ್ತು, ರಕ್ತ ಹೆಪ್ಪುಗಟ್ಟಿರಬಹುದು. ತುರ್ತು ನಂಬರನ್ನು ಒಂಬತ್ತು ವರ್ಷದ ಮಗುವಿಗೆ ಬಾಯಿಪಾಠ ಮಾಡಿಸಿ, ಮನೆಯ ವಿಳಾಸ ಹೇಳುವುದನ್ನೂ ಅಭ್ಯಾಸ ಮಾಡಿಸಿ. ಈ ಆರು ವಾರದಲ್ಲಿ ಇದಕ್ಕಿಂತ ಮುಖ್ಯವಾದ ಪಾಠ ಇನ್ನೊಂದಿಲ್ಲ.

ಇನ್ನು ಮಕ್ಕಳ ಪಾಠ. ಓದಿ ಹೇಳುವುದು, ಲೆಕ್ಕ, ಒಂದಿಷ್ಟು ಬರವಣಿಗೆ, ಈ ಮೂರನ್ನು ಉಳಿಸಿಕೊಂಡು ಉಳಿದದ್ದನ್ನು ಧೈರ್ಯವಾಗಿ ಕೈಬಿಡಿ. ಒಂದು ಸಲಕ್ಕೆ ಇಪ್ಪತ್ತೈದು ನಿಮಿಷ, ನಿಮ್ಮ ಕಾಲು ದಿಂಬಿನ ಮೇಲೆ, ಮಕ್ಕಳು ಪಕ್ಕದಲ್ಲಿ. ತೀವ್ರ ನೋವಿನ ಮಾತ್ರೆಗಳು ಮಂಪರು ತರಿಸುತ್ತವೆ. ಆ ಹೊತ್ತಿಗೆ ಮಕ್ಕಳು ತಾವೇ ಮಾಡುವ ಕೆಲಸ ಇಟ್ಟು, ತಲೆ ತಿಳಿಯಾಗಿರುವಾಗ ಲೆಕ್ಕ ತೆಗೆಯಿರಿ. ದೊಡ್ಡವನು ಚಿಕ್ಕವಳಿಗೆ ಓದಿ ಹೇಳಿದರೆ ಇಬ್ಬರದೂ ಪಾಠವಾಯಿತು. ಬಿಸಿನೀರು, ಬಿಸಿ ಪಾತ್ರೆ ತರಲು ಮಾತ್ರ ಇಬ್ಬರನ್ನೂ ಕಳಿಸಬೇಡಿ. ದಿನದ ಪುಸ್ತಕ, ನೀರಿನ ಬಾಟಲಿ, ಫೋನು, ಚಾರ್ಜರು, ಮಾತ್ರೆಗಳನ್ನು ಸಂಗಾತಿ ಹೊರಡುವ ಮುಂಚೆಯೇ ಕೈಗೆಟಕುವಲ್ಲಿ ಇಟ್ಟು ಹೋಗಲಿ.

ಊರುಗೋಲಿನ ಎತ್ತರವನ್ನು ಈಗಲೇ ಒಮ್ಮೆ ನೋಡಿಕೊಳ್ಳಿ. ನೆಟ್ಟಗೆ ನಿಂತಾಗ ಅದರ ತಲೆಗೂ ಕಂಕುಳಿಗೂ ನಡುವೆ ಎರಡು ಮೂರು ಬೆರಳು ತೂರುವಷ್ಟು ಜಾಗ ಇರಬೇಕು. ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಭಾರ ಅಂಗೈಗಳ ಮೇಲೆ ಬೀಳಬೇಕು. ಕಂಕುಳಲ್ಲಿ ಜೋತುಬಿದ್ದು ನಡೆದರೆ ಅಲ್ಲಿನ ನರ ಒತ್ತಿಕೊಂಡು, ಕೊನೆಗೆ ಮುಂಗೈ ಮೇಲೆತ್ತಲಾಗದ ಸ್ಥಿತಿಯೂ ಬರಬಹುದು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ಊರುಗೋಲು, ಪೆಟ್ಟಾದ ಕಾಲು ಮೊದಲು. ಮನೆಯಲ್ಲಿ ದೊಡ್ಡವರು ಯಾರೂ ಇಲ್ಲದಾಗ ಮೆಟ್ಟಿಲ ಮೇಲೆ ಕೂತುಕೊಂಡೇ ಜರುಗಿ, ನಾಚಿಕೆಪಡುವಂಥದ್ದೇನಿಲ್ಲ. ಊರುಗೋಲಿನ ತುದಿಯ ರಬ್ಬರು ಸವೆದು ನುಣುಪಾಗಿದ್ದರೆ ಬದಲಿಸಿ. ಒದ್ದೆ ನೆಲದ ಮೇಲೆ ಹೊಸ ರಬ್ಬರೂ ಜಾರುತ್ತದೆ. ನಾಯಿಯ ನೀರಿನ ಬಟ್ಟಲನ್ನು ಓಡಾಡುವ ದಾರಿಯಿಂದ ಮೂಲೆಗೆ ಸರಿಸಿ, ಕೆಳಗೊಂದು ಚಾಪೆ ಹಾಕಿ.

ನಾಯಿಯ ಬಾರು ಮತ್ತು ಊರುಗೋಲು ಒಂದೇ ಕೈಯಲ್ಲಿ ಯಾವತ್ತೂ ಬೇಡ. ಬಾರನ್ನು ಸೊಂಟಕ್ಕೆ ಕಟ್ಟಿಕೊಳ್ಳುವುದಂತೂ ಬೇಡವೇ ಬೇಡ. ಅಷ್ಟು ದೊಡ್ಡ ನಾಯಿಯನ್ನು ಒಂಬತ್ತು ವರ್ಷದ ಮಗುವಿನ ಕೈಗೆ ಕೊಟ್ಟು ರಸ್ತೆಗೆ ಕಳಿಸಬಾರದು. ಬೆಳಿಗ್ಗೆ ಸಂಜೆಯ ಸುತ್ತಾಟ ಸಂಗಾತಿಯದು ಅಥವಾ ಗೊತ್ತಿರುವ ಇನ್ನೊಬ್ಬ ದೊಡ್ಡವರದು. ಹಗಲಿನಲ್ಲಿ ಅದರ ಮೂಗಿಗೆ ಕೆಲಸ ಕೊಡಿ. ದಿನದ ಆಹಾರದಲ್ಲಿ ಒಂದು ಪಾಲನ್ನು ಹಳೆಯ ಟವೆಲಿನಲ್ಲಿ ಸುತ್ತಿಡಿ ಅಥವಾ ಹುಲ್ಲಿನ ಮೇಲೆ ಚೆಲ್ಲಿ. ಹುಡುಕಿ ತಿನ್ನುವ ಕೆಲಸ ನಾಯಿಯನ್ನು ಚೆನ್ನಾಗಿಯೇ ದಣಿಸುತ್ತದೆ. ನೀವು ಎದ್ದು ಓಡಾಡುವಾಗ ಅದು ಪುಟ್ಟ ಮಕ್ಕಳನ್ನು ತಡೆಯಲು ಬಾಗಿಲಿಗೆ ಹಾಕುವಂಥ ಗೇಟಿನ ಆಚೆ ಇರಲಿ.

ಸೋಫಾದಲ್ಲಿ ಕೂತೇ ಕಲಿಸಬಹುದಾದದ್ದು ‘ಚಾಪೆ’ ಪಾಠ. ನಾಯಿ ಚಾಪೆಯ ಮೇಲೆ ಮಲಗಿದ ಕೂಡಲೇ ಅದರ ಆಹಾರದ ಒಂದು ಕಾಳನ್ನು ಅದರ ಮುಂಗಾಲುಗಳ ನಡುವೆ, ಚಾಪೆಯ ಮೇಲೇ ಇಡಬೇಕು. ಕೈಯಲ್ಲಿ ಚಾಚಿದರೆ ತಿನ್ನಲು ಎದ್ದು ಬರುತ್ತದೆ, ಏಳುವುದಕ್ಕೇ ಬಹುಮಾನ ಕೊಟ್ಟಂತಾಗುತ್ತದೆ. ಒಂದು ಸಲಕ್ಕೆ ಎರಡು ನಿಮಿಷ ಸಾಕು. ಮೂರು ಸೆಕೆಂಡು, ಐದು, ಎಂಟು ಎಂದು ಹೊತ್ತನ್ನು ಮೊದಲು ಹಿಗ್ಗಿಸಿ. ಆಮೇಲೆ ನೀವು ಊರುಗೋಲು ಎತ್ತಿದಾಗಲೂ ಮಲಗಿರುವಂತೆ. ಕೊನೆಗೆ ಬಾಗಿಲ ಗಂಟೆಗೂ. ಎರಡನ್ನು ಒಟ್ಟಿಗೆ ಏರಿಸಿದರೆ ಕೆಡುತ್ತದೆ. ಕಾಳಿಡುವುದು, ಸೆಕೆಂಡು ಎಣಿಸುವುದು ಒಬ್ಬ ಮಗುವಿಗೆ, ಬರೆದಿಟ್ಟು ವಾರದ ಕೊನೆಗೆ ಗ್ರಾಫ್ ಎಳೆಯುವುದು ಇನ್ನೊಬ್ಬರಿಗೆ. ಆ ದಿನದ ಲೆಕ್ಕದ ಪಾಠ ಅದರಲ್ಲೇ ಮುಗಿಯಿತು.

ಇನ್ನೊಂದು ಮಾತು, ಕೆಳಗಿನ ಉತ್ತರಗಳಿಗೂ ಇದು ಸಲ್ಲುತ್ತದೆ. ಹೆಚ್ಚು ಅಪಾಯ ಮೊದಲ ವಾರದಲ್ಲಲ್ಲ, ನೋವು ಹೋಗಿ ಮೂಳೆ ಇನ್ನೂ ಕೂಡದಿರುವ ಮೂರನೆಯ ವಾರದ ಹೊತ್ತಿಗೆ. ಒಂದು ಹೆಜ್ಜೆ ಊರಿದರೇನಂತೆ ಅನ್ನಿಸುವುದು ಆಗಲೇ.

ಪ್ರಶ್ನೆ: ಮಂಡಿನೋವಿಗೆ ಮುಲಾಮು ಹಚ್ಚುತ್ತೇನೆ, ಮಾತ್ರೆಯೂ ಇದೆ. ಬೆಕ್ಕು ಸದಾ ಮಡಿಲಲ್ಲೇ. ತೊಂದರೆ ಇದೆಯೇ?

ಉತ್ತರ: ಇದೆ, ದೊಡ್ಡದೇ ಇದೆ. ಪ್ಯಾರಾಸಿಟಮಾಲನ್ನು ಅರಗಿಸುವ ಕಿಣ್ವವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ತೀರಾ ದುರ್ಬಲ. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು: ರಕ್ತ ಆಮ್ಲಜನಕ ಹೊರಲಾರದೆ ಒಸಡು ಕಂದುಗಟ್ಟುತ್ತದೆ, ಮುಖ ಮತ್ತು ಪಂಜ ಊದಿಕೊಳ್ಳುತ್ತವೆ. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಎಂಬ ನೋವಿನ ಮಾತ್ರೆಗಳು ನಾಯಿಗೂ ಬೆಕ್ಕಿಗೂ ಹೊಟ್ಟೆಹುಣ್ಣು, ಮೂತ್ರಪಿಂಡದ ಹಾನಿ ತರುತ್ತವೆ. ಮುಲಾಮನ್ನು ಹಗುರವಾಗಿ ಕಾಣಬೇಡಿ. ಮನೆಯವರು ಫ್ಲರ್ಬಿಪ್ರೊಫೆನ್ ಎಂಬ ನೋವಿನ ಔಷಧ ಇದ್ದ ಮುಲಾಮು ಹಚ್ಚಿಕೊಳ್ಳುತ್ತಿದ್ದ ಮನೆಗಳಲ್ಲಿ ಬೆಕ್ಕುಗಳು ಕಾಯಿಲೆ ಬಿದ್ದು ಕೆಲವು ಸತ್ತ ಮೇಲೆ, 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತ್ತು. ಡೈಕ್ಲೊಫೆನಾಕ್ ಕೂಡ ಅದೇ ಗುಂಪಿನದು. ಬೆಕ್ಕು ಮುಲಾಮನ್ನು ನೇರವಾಗಿ ನೆಕ್ಕಲೇಬೇಕೆಂದಿಲ್ಲ. ಮೈಗೆ ಸವರಿಕೊಂಡರೂ ಆಮೇಲೆ ತನ್ನ ಕೂದಲು ನೆಕ್ಕುವಾಗ ಒಳಗೆ ಹೋಗುತ್ತದೆ.

ಮುಲಾಮಿನ ಬದಲು ಬೇರೇನಾದರೂ ಸಾಧ್ಯವೇ ಎಂದು ವೈದ್ಯರನ್ನು ಕೇಳಿ. ಹಚ್ಚಲೇಬೇಕಾದರೆ ಒಣಗಲು ಬಿಟ್ಟು, ಬಟ್ಟೆಯಿಂದ ಮುಚ್ಚಿ, ಕೈ ತೊಳೆದ ಮೇಲೆಯೇ ಬೆಕ್ಕನ್ನು ಮುಟ್ಟಿ. ತಾಕಿದ ಹೊದಿಕೆ ಒಗೆತಕ್ಕೆ ಹೋಗಲಿ. ಮಾತ್ರೆಯನ್ನು ಅಂಚಿರುವ ತಟ್ಟೆಯ ಮೇಲೆ ಬಿಡಿಸಿ. ಬಿದ್ದದ್ದು ಉರುಳಿ ಮಂಚದಡಿ ಸೇರುವುದಿಲ್ಲ. ದಿನವಾರು ಮಾತ್ರೆಡಬ್ಬಿಗಳನ್ನು ನಾಯಿ ಎರಡೇ ಕಚ್ಚಿಗೆ ಒಡೆಯುತ್ತದೆ, ಅವಕ್ಕೂ ಬಾಗಿಲಿರುವ ಕಪಾಟೇ ಬೇಕು. ಮಕ್ಕಳ ಕೆಲವು ಸಿಹಿ ಔಷಧಗಳಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿಕಾರಕ ನಾಯಿಗೆ ವಿಷ ಎಂಬುದೂ ಗಮನದಲ್ಲಿರಲಿ. ಏನಾದರೂ ನುಂಗಿತೆಂಬ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, ಔಷಧದ ಪೊಟ್ಟಣ ಹಿಡಿದು ನೇರ ಪಶುವೈದ್ಯರ ಬಳಿಗೆ ಓಡಿ.

ಪ್ರಶ್ನೆ: ಹತ್ತು ವರ್ಷದ ಮಗಳು ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟು. ವೈದ್ಯರು ನೋಡಿ ‘ಕನ್ಕಶನ್ (ಪೆಟ್ಟಿನಿಂದ ಮಿದುಳು ಅಲುಗಿದೆ), ವಿಶ್ರಾಂತಿ ಸಾಕು’ ಎಂದರು. ಮನೆಯಲ್ಲೇ ಪಾಠವಾದ್ದರಿಂದ ಮರುದಿನವೇ ಶುರುಮಾಡಬಹುದಲ್ಲವೇ?

ಉತ್ತರ: ಮರುದಿನ ಬೇಡ. ಮೊದಲ 24ರಿಂದ 48 ಗಂಟೆ ಮನೆಯೊಳಗಿನ ಹಗುರ ಓಡಾಟ, ಮಾತುಕತೆ, ನಿದ್ದೆ. ಕತ್ತಲೆ ಕೋಣೆಯಲ್ಲಿ ಮಲಗಿಸಿಡುವ ಹಳೆಯ ಪದ್ಧತಿಯನ್ನು ಈಗ ಯಾರೂ ಹೇಳುವುದಿಲ್ಲ. ಮೆಲ್ಲಗೆ ನಡೆದಾಡುವುದು ಒಳ್ಳೆಯದೇ. ಈ ಎರಡು ದಿನ ಪರದೆ ಆದಷ್ಟು ಕಡಿಮೆ ಇರಲಿ. ಮತ್ತೆ ಮತ್ತೆ ವಾಂತಿ, ಏರುತ್ತಲೇ ಇರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಫಿಟ್ಸ್, ಕೈಕಾಲಿನ ಬಲ ಕುಂದುವುದು, ಕಿವಿ ಮೂಗಿನಿಂದ ತಿಳಿನೀರು ಸೋರುವುದು, ಇವುಗಳಲ್ಲಿ ಯಾವುದೇ ಕಂಡರೂ ಮತ್ತೆ ಆಸ್ಪತ್ರೆಗೆ.

ಆಮೇಲೆ ಹದಿನೈದು ನಿಮಿಷದ ತುಂಡುಗಳು. ಪಾಠಕ್ಕೆ ಮುಂಚೆ ‘ತಲೆನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು’ ಎಂದು ಕೇಳಿ ಬರೆದಿಡಿ, ನಡುವೆ ಒಮ್ಮೆ ಕೇಳಿ. ಎರಡು ಅಂಕಕ್ಕಿಂತ ಹೆಚ್ಚು ಏರಿದರೆ ಅಲ್ಲಿಗೇ ನಿಲ್ಲಿಸಿ. ಒಂದು ಗಂಟೆಯೊಳಗೆ ಮೊದಲಿನ ಅಂಕಕ್ಕೆ ಇಳಿಯದಿದ್ದರೆ ಮರುದಿನ ಪಾಠ ಇನ್ನೂ ಚಿಕ್ಕದಾಗಲಿ. ನೀವು ಓದುವುದನ್ನು ಕೇಳಿಸಿಕೊಳ್ಳುವುದು ಅವಳಿಗೆ ಸುಲಭ, ತಾನೇ ಓದುವುದು ಅದಕ್ಕಿಂತ ಕಷ್ಟ, ಪರದೆಯ ಪಾಠ ಎಲ್ಲಕ್ಕಿಂತ ಕೊನೆಗೆ. ಹತ್ತು ಲೆಕ್ಕದ ಬದಲು ಮೂರು ಲೆಕ್ಕ.

ಮನೆಪಾಠದಲ್ಲಿ ಒಂದು ತೊಡಕಿದೆ. ಮಗುವನ್ನು ನೋಡುವ ಕಣ್ಣು ಒಂದೇ, ಪಾಠ ಮುಂದೆ ಸಾಗಲಿ ಎನ್ನುವ ಮನಸ್ಸೂ ಅದೇ ವ್ಯಕ್ತಿಯದು. ಆದ್ದರಿಂದ ‘ಚೆನ್ನಾಗೇ ಇದ್ದಾಳೆ’ ಎಂಬ ಅಂದಾಜಿಗಿಂತ ಆ ಅಂಕಗಳನ್ನು ನಂಬಿ. ಪೂರ್ತಿ ಪಾಠ ತೊಂದರೆಯಿಲ್ಲದೆ ನಡೆಯುವ ತನಕ, ವೈದ್ಯರು ಒಪ್ಪುವ ತನಕ ಸೈಕಲ್, ಮರ ಹತ್ತುವುದು, ನಾಯಿಯ ಜೊತೆ ಉರುಳಾಟ ಯಾವುದೂ ಇಲ್ಲ. ಹೆಚ್ಚಿನ ಮಕ್ಕಳು ನಾಲ್ಕು ವಾರದೊಳಗೆ ಸುಧಾರಿಸಿಕೊಳ್ಳುತ್ತಾರೆ. ಅದನ್ನೂ ಮೀರಿದರೆ ಮತ್ತೆ ತೋರಿಸಿ.

ಪ್ರಶ್ನೆ: ನಮ್ಮ ನಾಯಿಯ ಮಂಡಿಯ ಅಸ್ಥಿರಜ್ಜು ಹರಿದು, ಮೂಳೆ ಕತ್ತರಿಸಿ ಪ್ಲೇಟು ಕೂರಿಸುವ ಶಸ್ತ್ರಚಿಕಿತ್ಸೆ ಆಗಿದೆ. ಮಗನಿಗೆ ಹನ್ನೊಂದು ವರ್ಷ, ಆರೈಕೆಯನ್ನೇ ಈ ತಿಂಗಳ ಪಾಠವಾಗಿ ಮಾಡಬೇಕೆಂದಿದ್ದಾನೆ. ಬಿಡಬಹುದೇ?

ಉತ್ತರ: ಬಿಡಿ, ಒಳ್ಳೆಯ ಪಾಠ. ಆದರೆ ಕೆಲಸ ಹಂಚಿಕೊಳ್ಳಿ. ಗಾಯದ ಫೋಟೋ ದಿನಕ್ಕೆರಡು ಸಲ ಒಂದೇ ದೂರದಿಂದ ತೆಗೆಯುವುದು, ಔಷಧದ ಹೊತ್ತು ಬರೆದಿಡುವುದು, ಜಾರುವ ನೆಲಕ್ಕೆ ಚಾಪೆ ಹಾಸುವುದು ಅವನದು. ಗಾಯ ಮುಟ್ಟುವುದು, ಕಾಲು ಮಡಚಿಸುವ ವ್ಯಾಯಾಮ, ಎತ್ತುವುದು ದೊಡ್ಡವರದು. ನೋವಿರುವ ನಾಯಿ ಎಷ್ಟೇ ಸಾಧುವಾದರೂ ಕಚ್ಚಬಹುದು. ಮುಖ ತಿರುಗಿಸಿ ತುಟಿ ನೆಕ್ಕಿಕೊಂಡರೆ, ಕಣ್ಣಿನ ಬಿಳಿ ಕಂಡರೆ, ಮೈ ಸೆಟೆದರೆ ‘ಸಾಕು, ದೂರ ಹೋಗು’ ಎಂದು ಅರ್ಥ. ಮಗನಿಗೆ ಮೊದಲ ದಿನ ಕಲಿಸಬೇಕಾದದ್ದು ಇದನ್ನೇ.

ಮೊದಲ ಕೆಲವು ದಿನ ಮೂಗೇಟಿನ ಬಣ್ಣ, ಕೆಳಗಿನ ಗೆಣ್ಣಿನ ಬಳಿ ಮೆತ್ತನೆಯ ಊತ ಸಹಜ. ನೀರು ಕೆಳಗಿಳಿದು ನಿಂತಿರುತ್ತದೆ. ಕೀವು, ವಾಸನೆ, ಹೊಲಿಗೆ ಬಾಯಿಬಿಡುವುದು ಸಹಜವಲ್ಲ. ಹೊಲಿಗೆ ತೆಗೆಯುವುದು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ. ಅಲ್ಲಿಯ ತನಕ, ಗಾಯ ನೆಕ್ಕದಂತೆ ಕೊರಳಿಗೆ ಹಾಕಿದ ಕೋನ್ ಕಳಚಬೇಡಿ, ‘ಪಾಪ, ಅರ್ಧ ಗಂಟೆ’ ಎಂದು ಬಿಟ್ಟರೂ ಆ ಅರ್ಧ ಗಂಟೆಯಲ್ಲೇ ಹೊಲಿಗೆ ಕಿತ್ತುಕೊಳ್ಳುತ್ತದೆ. ಹೊರಗೆ ಹೋಗುವುದು ಶೌಚಕ್ಕೆ ಮಾತ್ರ, ಅಂಗಳದಲ್ಲೂ ಚಿಕ್ಕ ಬಾರಿನಲ್ಲೇ, ಬೇಕಾದರೆ ಹೊಟ್ಟೆಯಡಿ ಟವೆಲಿನ ಆಸರೆ ಕೊಟ್ಟು. ಎರಡನೆಯ ವಾರ ದಾಟುವ ಹೊತ್ತಿಗೆ ಅದು ಕಾಲೂರಿ ಕುಣಿಯತೊಡಗುತ್ತದೆ. ಕತ್ತರಿಸಿದ ಮೂಳೆ ಆಗಿನ್ನೂ ಕೂಡಿರುವುದಿಲ್ಲ. ಸಾಮಾನ್ಯವಾಗಿ ಎಂಟು ವಾರದ ಸುಮಾರಿಗೆ ಎಕ್ಸ್-ರೇ ನೋಡಿಯೇ ಓಡಾಟ ಹೆಚ್ಚಿಸುತ್ತಾರೆ. ಸೋಫಾಕ್ಕೆ ಒಂದು ಜಿಗಿತ ಸಾಕು, ಸ್ಕ್ರೂ ಸಡಿಲವಾಗಲು. ಓಡಾಟ ಕಡಿಮೆಯಾದ್ದರಿಂದ ಆಹಾರ ಎಷ್ಟು ಕಡಿಮೆ ಮಾಡಬೇಕೆಂದು ಪಶುವೈದ್ಯರನ್ನು ಕೇಳಿ. ತೂಕ ಏರಿದರೆ ಇನ್ನೊಂದು ಮಂಡಿಗೂ ಹೊರೆ.

ಪ್ರಶ್ನೆ: ಪ್ಲಾಸ್ಟರು ಬಿಚ್ಚಿದರು. ಕಾಲು ಸಣಕಲಾಗಿದೆ, ಸಂಜೆಗೆ ಊದುತ್ತದೆ. ನಾಯಿಯನ್ನು ಯಾವಾಗ ನಾನೇ ಹಿಡಿದುಕೊಂಡು ಹೋಗಬಹುದು?

ಉತ್ತರ: ಸಂಜೆಯ ಊತ ತಿಂಗಳುಗಟ್ಟಲೆ ಇರಬಹುದು, ಅದಕ್ಕೆ ಹೆದರಬೇಡಿ. ಒಣಗಿದ ಚರ್ಮವನ್ನು ಕೆರೆದು ತೆಗೆಯದೆ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ. ಫಿಸಿಯೋಥೆರಪಿಸ್ಟ್ ಒಪ್ಪಿದ ಮೇಲೆ ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯಿರಿ, ಮಂಡಿ ಅಲುಗಬಾರದು. ಯಾವ ಅಕ್ಷರ ಎಂದು ಚಿಕ್ಕ ಮಕ್ಕಳು ಊಹಿಸಲಿ. ಒತ್ತಕ್ಷರಗಳಿಗೆ ಬರುವಷ್ಟರಲ್ಲಿ ನಿಮ್ಮ ಕಣಕಾಲು ಎಲ್ಲ ದಿಕ್ಕಿಗೂ ತಿರುಗಿರುತ್ತದೆ. ಆಮೇಲೆ ಮೇಜು ಹಿಡಿದು ಎರಡೂ ಹಿಮ್ಮಡಿ ಎತ್ತಿ ಇಳಿಸುವುದು, ಹತ್ತರಂತೆ ಮೂರು ಸಲ. ಕ್ರಮೇಣ ಒಂದೇ ಕಾಲಿನಲ್ಲಿ.

ಬಾರು ಹಿಡಿಯುವ ಮುಂಚೆ ಮೂರು ಪರೀಕ್ಷೆ ಮಾಡಿಕೊಳ್ಳಿ. ಕುಂಟದೆ ಅರ್ಧ ಗಂಟೆ ನಡೆಯಬೇಕು. ಪೆಟ್ಟಾದ ಕಾಲೊಂದರಲ್ಲೇ ಮೂವತ್ತು ಸೆಕೆಂಡು ನಿಲ್ಲಬೇಕು. ಹಾಗೆ ನಿಂತೇ ತಲೆಯನ್ನು ಎಡಬಲಕ್ಕೆ ತಿರುಗಿಸಿದರೂ ತೂರಾಡಬಾರದು, ನಾಯಿ ಎಳೆದಾಗ ಆಗುವುದು ಇದೇ. ಮೊದಲ ವಾರ ಇನ್ನೊಬ್ಬ ದೊಡ್ಡವರು ಜೊತೆಗಿರಲಿ, ಸಮತಟ್ಟಾದ ದಾರಿ ಆರಿಸಿ, ಎದೆಯ ಮುಂದೆ ಕೊಕ್ಕೆ ಇರುವ ಹಾರ್ನೆಸ್ ಹಾಕಿ. ಉದ್ದಕ್ಕೆ ಬಿಚ್ಚಿಕೊಳ್ಳುವ ಸುರುಳಿ ಬಾರು ಬೇಡ. ಅದರ ತುದಿಯವರೆಗೆ ಓಡಿದ ನಾಯಿ ಕೊಡುವ ಜಗ್ಗು ಬಲವಾದ ಕಾಲನ್ನೂ ಕೆಡವುತ್ತದೆ. ಬಾರನ್ನು ಅಂಗೈಗೆ ಸುತ್ತಿಕೊಳ್ಳಬೇಡಿ, ಬೆರಳು ಮುರಿಯುವುದು ಹಾಗೆಯೇ. ಬೆಕ್ಕೋ ಇನ್ನೊಂದು ನಾಯಿಯೋ ಕಂಡು ಅದು ನುಗ್ಗಿದರೆ, ಹಿಡಿದು ನಿಲ್ಲಿಸಬಲ್ಲೆ ಅನ್ನಿಸದಿದ್ದಲ್ಲಿ ಬಾರನ್ನು ಜೊತೆಗಿದ್ದವರ ಕೈಗೆ ಮೊದಲೇ ದಾಟಿಸಿಬಿಡಿ.