ಅಜ್ಜನ ಮೇಜಿನ ಪೇಪರ್‌ವೇಟ್ ಯಾರು ಮಾಡಿದ್ದು?

ಪ್ರಶ್ನೆ: ನಮ್ಮ ಅಜ್ಜ ದಾವಣಗೆರೆಯಲ್ಲಿ ಹತ್ತಿ ದಲಾಲಿ ಮಂಡಿ ಇಟ್ಟಿದ್ದರು. ಅವರ ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟ್ ಈಗ ನನ್ನ ಹತ್ತಿರ ಇದೆ. ಒಳಗೆ ಬಣ್ಣದ ಪುಟ್ಟ ಹೂಗಳು ಸುತ್ತುಸುತ್ತಾಗಿ ಕೂತಿವೆ. ಹೊರಸುತ್ತಿನ ಒಂದು ಹೂವಿನಲ್ಲಿ 1848 ಅಂತಿದೆ. ಬೇರೆ ಗುರುತಿಲ್ಲ. ಇಂಥದೇ ಹೂಗಳಿದ್ದ ಮಸಿ ಬಾಟಲಿಯೂ ಜೊತೆಗಿತ್ತಂತೆ, ಅದು ಎಂದೋ ಒಡೆದುಹೋಯಿತು. ಹಳೇ ಸಾಮಾನು ಕೊಳ್ಳುವವರೊಬ್ಬರು ಇದು ಫ್ರಾನ್ಸಿನ ಬಾಕರಾ ಕಾರ್ಖಾನೆಯದು, ತಳ ಪಾಲಿಶ್ ಮಾಡಿಸಿದರೆ ಲಕ್ಷಗಟ್ಟಲೆ ಬರುತ್ತದೆ ಅನ್ನುತ್ತಾರೆ. ನಿಜವೇ? ಫೋಟೋ ಕಳಿಸಿದ್ದೇನೆ.
— ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಮೊದಲ ಮಾತು, ತಳಕ್ಕೆ ಯಾರ ಕೈಯನ್ನೂ ಹಾಕಿಸಬೇಡಿ. ನಿಮ್ಮ ಅಜ್ಜನವರು ಲೆಕ್ಕದ ಚೀಟಿಗಳ ಮೇಲೆ ವರ್ಷಗಟ್ಟಲೆ ಎತ್ತಿಟ್ಟ ಗುರುತು ಇರುವುದೇ ಅಲ್ಲಿ. ಮೇಜಿಗೆ ತಾಗುವ ಅಂಚಿನಲ್ಲಿ ಮಾತ್ರ ಸಣ್ಣ ಗೀರುಗಳಿವೆ, ದಿಕ್ಕುದಿಕ್ಕಿಗೆ ಓಡಿವೆ. ಬಳಸಿ ಸವೆದ ತಳ ಹೀಗೇ ಇರುತ್ತದೆ. ಹಳೆಯದೆಂದು ತೋರಿಸಲು ಉಜ್ಜಿದ್ದರೆ ಗೀರುಗಳು ಸಾಲಾಗಿ ಒಂದೇ ಕಡೆಗೆ ಹೋಗುತ್ತವೆ. ಪಾಲಿಶ್ ಮಾಡಿದರೆ ಈ ಸಾಕ್ಷಿಯೆಲ್ಲ ಹೋಯಿತು.

ಇನ್ನು 1848. ಆ ಇಸವಿಗೆ ತೂಕ ಇದೆ, ಸುಳ್ಳಲ್ಲ. 1845ರ ಆಸುಪಾಸಿನಿಂದ ಫ್ರಾನ್ಸಿನ ಬಾಕರಾ, ಸೇಂಟ್ ಲೂಯಿ, ಕ್ಲಿಶಿ ಎಂಬ ಮೂರು ಕಾರ್ಖಾನೆಗಳು ಇಂಥ ಪೇಪರ್‌ವೇಟ್‌ಗಳಿಗೆ ಹೆಸರಾದವು. ಬಣ್ಣದ ಗಾಜಿನ ಕಡ್ಡಿಗಳನ್ನು ಕಟ್ಟು ಮಾಡಿ, ಕಾಯಿಸಿ, ಉದ್ದಕ್ಕೆ ಎಳೆದು, ಸೌತೆಕಾಯಿ ಬಿಲ್ಲೆಯಂತೆ ಕತ್ತರಿಸಿದರೆ ಒಂದೊಂದು ಬಿಲ್ಲೆಯೂ ಒಂದು ಹೂ. ಅವನ್ನು ಜೋಡಿಸಿ ಬಿಸಿ ಗಾಜಿನಿಂದ ಎತ್ತಿ, ಮೇಲೆ ತಿಳಿ ಗಾಜು ಹೊದಿಸುತ್ತಾರೆ. ಈ ಕೆಲಸಕ್ಕೆ ಮಿಲ್ಲೆಫಿಯೋರಿ ಅಂತ ಹೆಸರು. ಬಾಕರಾದವರು 1846ರಿಂದ 1849ರವರೆಗೆ ಕೆಲವದರಲ್ಲಿ ಇಸವಿ ಸೇರಿಸಿದರು, ಹೆಚ್ಚಾಗಿ ಜೊತೆಗೆ 'ಬಿ' ಅಕ್ಷರವನ್ನೂ. ಸೇಂಟ್ ಲೂಯಿಯವರದು 'ಎಸ್ಎಲ್'. ಕ್ಲಿಶಿಯವರ ಗುರುತು ಪುಟ್ಟ ಗುಲಾಬಿ, ಕೆಲವದರಲ್ಲಿ 'ಸಿ' ಅಕ್ಷರ.

ಇಸವಿ ಒಂದನ್ನೇ ನಂಬುವ ಹಾಗಿಲ್ಲ. ಆ ಹೆಸರಿನ ಬೆಲೆ ನೋಡಿ ಆಮೇಲೆ ಬೇರೆಯವರೂ 1848 ಅಂತ ಕೂರಿಸಿದರು. ನಾನು ಬೆಳೆದದ್ದು ಚಿತ್ರದುರ್ಗದಲ್ಲಿ, ನಮ್ಮ ತಂದೆಯವರ ಗಡಿಯಾರ ರಿಪೇರಿ ಅಂಗಡಿಯಲ್ಲಿ. ಅವರು ಕಣ್ಣಿಗೆ ಸಿಗಿಸಿಕೊಳ್ಳುತ್ತಿದ್ದ ಲೆನ್ಸ್‌ನಲ್ಲೇ ನಿಮ್ಮ ಫೋಟೋ ನೋಡಿದೆ. 'ಬಿ' ಎಲ್ಲೂ ಇಲ್ಲ. ಬಾಕರಾದವರು ಹೂಗಳ ನಡುವೆ ಪ್ರಾಣಿಪಕ್ಷಿಗಳ ಸಣ್ಣ ಆಕಾರಗಳನ್ನೂ ಇಡುತ್ತಿದ್ದರು, ಅದೂ ಇಲ್ಲ. ಸಾಲು ತಪ್ಪದೆ ಒಂದರ ಸುತ್ತ ಒಂದು ಬಳೆಯಂತೆ ಕೂತಿವೆ, ಅಷ್ಟೇ.

ನೀವು ಸುಮ್ನೆ ಒಂದು ಮಾತಲ್ಲಿ ಹೇಳಿ ಮುಂದೆ ಹೋದ ಮಸಿ ಬಾಟಲಿ ಇದೆಯಲ್ಲ, ನನಗೆ ದಾರಿ ತೋರಿಸಿದ್ದು ಅದೇ. ಸುತ್ತು ಹೂಗಳ ಪೇಪರ್‌ವೇಟ್, ಅದಕ್ಕೆ ಜೊತೆಯಾಗುವ ಮಸಿ ಬಾಟಲಿ, ಒಳಗೆ 1848: ಇವು ಇಂಗ್ಲೆಂಡಿನ ಮಾಲು. ಬಹಳ ಕಾಲ ಇವನ್ನು ಲಂಡನ್ನಿನ ವೈಟ್‌ಫ್ರಯರ್ಸ್ ಕಾರ್ಖಾನೆಯವೇ, ಆ ಇಸವಿಯವೇ ಅಂತ ನಂಬಿದ್ದರು. ಈಗ ಸಂಗ್ರಹಕಾರರು ಇವನ್ನು 20ನೇ ಶತಮಾನದ ಮೊದಲ ಅರ್ಧಕ್ಕೆ, ಬರ್ಮಿಂಗ್‌ಹ್ಯಾಮ್ ಕಡೆಯ ಕಾರ್ಖಾನೆಗಳಿಗೆ ಸೇರಿಸುತ್ತಾರೆ. ನಿಮ್ಮದೂ ಅದೇ ಗುಂಪಿನದು ಎಂಬುದು ನನ್ನ ತೀರ್ಮಾನ. ಇಂಗ್ಲೆಂಡಿನ ಮಾಲು ಹತ್ತಿ ವ್ಯಾಪಾರದ ಊರಿನ ಮಂಡಿಗೆ ಬಂದದ್ದರಲ್ಲಿ ಆಶ್ಚರ್ಯವೂ ಇಲ್ಲ.

ಒಂದು ಅನುಮಾನ ಮಾತ್ರ ಕಳೆದುಕೊಳ್ಳಬೇಕು. 1930ರ ದಶಕದಲ್ಲಿ ಚೀನಾದಲ್ಲೂ ಫ್ರೆಂಚ್ ಮಾದರಿಗಳ ನಕಲು ಆಗಿವೆ. ಅವುಗಳ ಗಾಜು ಹಗುರ, ಸ್ವಲ್ಪ ಹಳದಿ. ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಮೊದಲು ಪೇಪರ್‌ವೇಟ್ ತೂಗಿ. ಆಮೇಲೆ ಡಿಜಿಟಲ್ ತಕ್ಕಡಿ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಪೇಪರ್‌ವೇಟನ್ನು ಈರುಳ್ಳಿ ಚೀಲದ ಬಲೆಯಲ್ಲಿ ಕಟ್ಟಿ, ದಾರ ಹಿಡಿದು, ಪೂರ್ತಿ ಮುಳುಗಿಸಿ. ತಳಕ್ಕೂ ಪಕ್ಕಕ್ಕೂ ತಾಗಬಾರದು. ಆಗ ಕಾಣುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. ತೂಕ 400, ನೀರಲ್ಲಿ ಕಂಡದ್ದು 130 ಆದರೆ ಉತ್ತರ 3ಕ್ಕಿಂತ ಸ್ವಲ್ಪ ಜಾಸ್ತಿ, ಅಂದರೆ ಸೀಸ ಬೆರೆತ ಗಾಜು. 2.5ರ ಹತ್ತಿರ ಬಂದರೆ ಸಾದಾ ಗಾಜು. ಆಗ ನನಗೆ ಮತ್ತೆ ಬರೆಯಿರಿ, ಇನ್ನೊಮ್ಮೆ ನೋಡೋಣ. ಸೀಸ ಇದ್ದ ಮಾತ್ರಕ್ಕೆ ಬಾಕರಾ ಆಗುವುದಿಲ್ಲ, ಇಂಗ್ಲೆಂಡಿನವರೂ ಅದನ್ನೇ ಬಳಸುತ್ತಿದ್ದರು. ನೀರು ತಣ್ಣಗಿರಲಿ. ಬಿಸಿನೀರಿಗೆ ಹಾಕಿದರೆ ದಪ್ಪ ಗಾಜು ಬಿರುಕು ಬಿಡುತ್ತದೆ.

ಬೆಲೆಯ ವಿಷಯ: ಬಾಕರಾ ಬೆಲೆ ಇದಕ್ಕೆ ಬರುವುದಿಲ್ಲ. ಹಾಗಂತ ಕಡಿಮೆ ಮಾಲಲ್ಲ, ಕೈಯಲ್ಲಿ ಒಂದೊಂದು ಹೂ ಜೋಡಿಸಿ ಮಾಡಿದ್ದು. ನನ್ನನ್ನು ಕೇಳಿದರೆ ಮಾರಬೇಡಿ. ಒಂದು ಚೀಟಿಯಲ್ಲಿ 'ಇಂಗ್ಲೆಂಡ್, ಬರ್ಮಿಂಗ್‌ಹ್ಯಾಮ್ ಕಡೆ, 20ನೇ ಶತಮಾನದ ಮೊದಲ ಅರ್ಧ' ಅಂತ ಬರೆದು, ಅಜ್ಜನವರ ಹೆಸರು, ಮಂಡಿ, ಮಸಿ ಬಾಟಲಿಯ ಸಂಗತಿ ಎಲ್ಲ ಸೇರಿಸಿ ಜೊತೆಗಿಡಿ. ಮಸಿ ಬಾಟಲಿ ಕಂಡಿದ್ದ ಹಿರಿಯರು ಮನೆಯಲ್ಲಿದ್ದರೆ ಈಗಲೇ ಕೇಳಿ ಬರೆದುಕೊಳ್ಳಿ. ಬಿಸಿಲು ಬೀಳುವ ಕಿಟಕಿಯಲ್ಲಿ ಮಾತ್ರ ಇಡಬೇಡಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಈ ಗುಂಡುಗಾಜು ಭೂತಗನ್ನಡಿಯಾಗಿ ಕೆಳಗಿನ ಕಾಗದಕ್ಕೆ ಬೆಂಕಿ ಹತ್ತಿಸಬಹುದು.

ಪ್ರಶ್ನೆ: ನನ್ನ ಪೇಪರ್‌ವೇಟಿನಲ್ಲಿ ಹೂಗಳಿಲ್ಲ, ಬಣ್ಣದ ಚೂರುಗಳ ಮೇಲೆ ಸಾಲಾಗಿ ಗಾಳಿಗುಳ್ಳೆಗಳಿವೆ. ಗುಳ್ಳೆ ಇದ್ದರೆ ಕಳಪೆಯೇ?
— ಓದುಗರು, ಚಳ್ಳಕೆರೆ

ಉತ್ತರ: ಅಲ್ಲ, ಅವು ಬೇಕೆಂದೇ ಮಾಡಿದ ಗುಳ್ಳೆಗಳು. ಮೆತ್ತಗಿರುವ ಗಾಜಿಗೆ ಮೊನೆಯಿಂದ ಚುಚ್ಚಿ, ಮೇಲೆ ಇನ್ನೊಂದು ಪದರ ಗಾಜು ಹಾಕಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಬಳೆಗೆ ಹೆಸರಾದ ಫಿರೋಜಾಬಾದಿನಲ್ಲಿ ಪೇಪರ್‌ವೇಟ್‌ಗಳನ್ನೂ ಮಾಡುತ್ತಾರೆ. ಇದನ್ನು ಮನೆಯವರು ಎಲ್ಲಿ ಕೊಂಡರು ತಿಳಿದುಕೊಂಡು, ತಳದ ಫೋಟೋ ಕಳಿಸಿ.