ಹದಿನಾಲ್ಕರ ಹರೆಯದಲ್ಲೇ ಅಗ್ರಸ್ಥಾನ

ಪ್ರಶ್ನೆ: 1963ರ ಪ್ರವಾಸವೊಂದರಲ್ಲಿ ಬೀಟಲ್ಸ್ ತಂಡಕ್ಕಿಂತ ಹೆಲೆನ್ ಶಪಿರೋ ಎಂಬ ಗಾಯಕಿಯೇ ಮುಖ್ಯ ಆಕರ್ಷಣೆಯಾಗಿದ್ದರೆಂದು ಓದಿದೆ. ಅವರು ಯಾರು?

ಉತ್ತರ: ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿ 1946ರಲ್ಲಿ ಹುಟ್ಟಿದ ಹೆಲೆನ್, ಇಎಂಐ ಎಂಬ ಧ್ವನಿಮುದ್ರಣ ಸಂಸ್ಥೆಯ ಕೊಲಂಬಿಯಾ ಲೇಬಲ್‌ಗೆ ಹಾಡತೊಡಗಿದಾಗ ಇನ್ನೂ ಶಾಲಾ ಬಾಲಕಿ. ಅವರ ಕಂಠ ಎಷ್ಟು ಗಡುಸಾಗಿತ್ತೆಂದರೆ, ಜೊತೆಯ ಮಕ್ಕಳು ಅವರಿಗೆ ಮಂಜಿನಲ್ಲಿ ಹಡಗುಗಳನ್ನು ಎಚ್ಚರಿಸುವ ಕಹಳೆಯ ಹೆಸರನ್ನೇ ಇಟ್ಟಿದ್ದರು. 1961ರಲ್ಲಿ 'ಯೂ ಡೋಂಟ್ ನೋ' ಮತ್ತು 'ವಾಕಿಂಗ್ ಬ್ಯಾಕ್ ಟು ಹ್ಯಾಪಿನೆಸ್' ಎರಡೂ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದವು. ಮೊದಲನೆಯದು ಏರಿದಾಗ ಅವರಿಗೆ 14 ವರ್ಷ.

ಇಷ್ಟಾದರೂ ಮುಂದೆ ಅವರ ಜನಪ್ರಿಯತೆ ಕುಗ್ಗಿತು. ಈ ಹಿನ್ನಡೆಗೆ ಕಂಠದ ದೋಷವಲ್ಲ, ಇತರರ ನಿರ್ಣಯಗಳೇ ಹೆಚ್ಚು ಕಾರಣವೆಂದು ನನಗೆ ತೋರುತ್ತದೆ. 1963ರ ಆರಂಭದಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಅವರು 'ಇಟ್ಸ್ ಮೈ ಪಾರ್ಟಿ' ಹಾಡನ್ನು ಧ್ವನಿಮುದ್ರಿಸಿದರೂ ಅದು ಸಕಾಲದಲ್ಲಿ ಸಿಂಗಲ್ (ಬಿಡಿ ಹಾಡಿನ ಧ್ವನಿಮುದ್ರಿಕೆ) ಆಗಿ ಹೊರಬರಲಿಲ್ಲ. ಅದೇ ಹಾಡು ಗಾಯಕಿ ಲೆಸ್ಲಿ ಗೋರ್ ಅವರನ್ನು ಅಮೆರಿಕದ ಅಗ್ರಸ್ಥಾನಕ್ಕೇರಿಸಿತು. ಬೀಟಲ್ಸ್ ತಂಡದ ಲೆನನ್ ಮತ್ತು ಮೆಕಾರ್ಟ್ನಿ ಹೆಲೆನ್ ಅವರಿಗೆಂದೇ ಬರೆದ 'ಮಿಸರಿ' ಗೀತೆಯನ್ನೂ ಹೆಲೆನ್ ಅವರ ತಂಡದವರೇ ನಿರಾಕರಿಸಿದರು. ಅನಂತರ ಬೀಟಲ್ಸ್‌ನಂಥ ಗಾಯನ-ವಾದ್ಯ ತಂಡಗಳ ಅಲೆಯಲ್ಲಿ ಹಿಂದೆ ಸರಿದ ಹೆಲೆನ್, ಮುಂದೆ ಜಾಝ್ ಟ್ರಂಪೆಟ್ ವಾದಕ ಹಂಫ್ರಿ ಲಿಟಲ್ಟನ್ ಅವರ ತಂಡದೊಡನೆ ಜಾಝ್ ಹಾಡಿದರು.